ಅಕ್ಕನಿಗೆ ತಂದ ತೆಳ್ಳನೆಯ ಪುಸ್ತಕ

ನನಗೆ ಆರಿಸಲು ಬರುವುದಿಲ್ಲ. ಸಂತೆಯಲ್ಲಿ ನಾನು ಆರಿಸಿದ ಬದನೆಕಾಯಿಯಲ್ಲಿ ಹುಳ ಇದ್ದೇ ಇರುತ್ತದೆ. ನಾನು ಆರಿಸಿದ ಕೊಡೆ ಮೊದಲ ಗಾಳಿಗೇ ತಿರುವುಮುರುವಾಗುತ್ತದೆ. ಬಸ್ಸಿನಲ್ಲಿ ನೆರಳಿನ ಕಡೆಯೆಂದು ಹಿಗ್ಗಿ ಕೂತರೆ ಊರು ದಾಟುವುದರೊಳಗೆ ಬಿಸಿಲು ನನ್ನ ಮಗ್ಗುಲಿಗೇ ಬಂದಿರುತ್ತದೆ. ನನ್ನ ಹೆಂಡತಿಯನ್ನು ನಾನು ಆರಿಸಲಿಲ್ಲ, ಹಿರಿಯರು ಆರಿಸಿದರು. ಸಂಸಾರ ನೆಟ್ಟಗೆ ನಡೆದಿರುವುದಕ್ಕೆ ಅದೊಂದೇ ಕಾರಣವೆಂದು ಅವಳೇ ಮಂದಿಯ ಮುಂದೆ ಹೇಳುತ್ತಾಳೆ. ಇಂಥ ನನ್ನನ್ನು ಹುಡುಕಿಕೊಂಡು ವರ್ಷಕ್ಕೊಬ್ಬರಾದರೂ ಬರುತ್ತಾರೆ. "ನಮ್ಮ ತಮ್ಮನ ಮಗ ಲಾ ಕಾಲೇಜ ಸೇರ್ಯಾನ್ರಿ. ನೀವು ಕೋರ್ಟಿನಾಗ ಇರೋರು. ಸಂವಿಧಾನ ಓದಾಕ ಯಾವ ಕೇಸ್‌ಬುಕ್ಕು ಛಲೋ, ಹೇಳ್ರಿ" ಎನ್ನುತ್ತಾರೆ. ನಾನು ಅವರಿಗೆ ಚಹಾ ಕೊಡುತ್ತೇನೆ, ಮಳೆಯ ಮಾತಾಡುತ್ತೇನೆ, ಶೇಂಗಾದ ಬೆಳೆ ವಿಚಾರಿಸುತ್ತೇನೆ. ಪುಸ್ತಕದ ಹೆಸರೊಂದನ್ನು ಮಾತ್ರ ಹೇಳುವುದಿಲ್ಲ. ದೊಡ್ಡ ಮನುಷ್ಯ, ಸೊಕ್ಕು ಬಂದಿದೆ ಎಂದುಕೊಂಡು ಅವರು ಹೋಗುತ್ತಾರೆ. ಅಂದುಕೊಳ್ಳಲಿ.

ಕೋರ್ಟಿನ ಮುಖ ನೋಡದ ಪುಣ್ಯವಂತರಿಗೆ ಕೇಸ್‌ಬುಕ್ಕೆಂದರೆ ಏನೆಂದು ಹೇಳಬೇಕು. ಸಂವಿಧಾನ ಒಂದು ಪುಸ್ತಕ. ಅದರ ಒಂದೊಂದು ಸಾಲಿಗೂ ಅರ್ಥವೇನು ಎಂದು ದೊಡ್ಡ ಕೋರ್ಟುಗಳಲ್ಲಿ ಜಗಳ ನಡೆದಿರುತ್ತದೆ. ಆ ಜಗಳಗಳ ತೀರ್ಪುಗಳನ್ನು ಆಯ್ದು ವಿದ್ಯಾರ್ಥಿಗಳಿಗಾಗಿ ಒಂದೆಡೆ ಕಟ್ಟಿದ್ದೇ ಕೇಸ್‌ಬುಕ್ಕು. ಇದರಲ್ಲಿ ಎರಡು ಜಾತಿ. ದಪ್ಪನೆಯದರಲ್ಲಿ ತೀರ್ಪು ಹೆಚ್ಚುಕಡಿಮೆ ಇದ್ದ ಹಾಗೆಯೇ ಇರುತ್ತದೆ: ಯಾರು ಬಂದರು, ಏನು ಕೇಳಿದರು, ಎದುರಿನವರು ಏನಂದರು, ನ್ಯಾಯಾಧೀಶರು ಯಾಕೆ ಹಾಗೆ ಹೇಳಿದರು, ಅವರ ಮಗ್ಗುಲಲ್ಲೇ ಕೂತ ಇನ್ನೊಬ್ಬ ನ್ಯಾಯಾಧೀಶರು ಯಾಕೆ ಒಪ್ಪಲಿಲ್ಲ, ಎಲ್ಲ. ತೆಳ್ಳನೆಯದರಲ್ಲಿ ಇಂಥ ಕೇಸು, ಇಂಥ ತೀರ್ಪು ಎಂದು ನಾಲ್ಕೇ ಸಾಲು. ಊಟ ಮಾಡಿದವರನ್ನು ಕೇಳಿ ಅಡುಗೆಯ ರುಚಿ ತಿಳಿದುಕೊಂಡಂತೆ ಅದು. ಹಸಿವಿಲ್ಲದವರಿಗೆ ಅಷ್ಟೇ ಸಾಕು.

ನಾನು ಶಿರಹಟ್ಟಿಯ ಕೋರ್ಟಿನಲ್ಲಿ ನಕಲು ಗುಮಾಸ್ತ. ಕೆಲಸ ಇಷ್ಟೇ: ತೀರ್ಪಿನ ಪ್ರತಿ ಬೇಕೆಂದು ಯಾರಾದರೂ ಅರ್ಜಿ ಕೊಟ್ಟರೆ ಅದನ್ನು ಟೈಪು ಮಾಡಿ, ಮೂಲದೊಂದಿಗೆ ಹೋಲಿಸಿ, ಮೊಹರು ಬಡಿಸಿ ಕೊಡುವುದು. ನಮ್ಮ ಕಡೆ ಇದಕ್ಕೆ ಖರೆ ನಕಲು, ಅಂದರೆ ನಿಜವಾದ ನಕಲು, ಎನ್ನುತ್ತಾರೆ. ಖರೆಯೂ ಹೌದು, ನಕಲೂ ಹೌದು. ಇಂಥ ವಸ್ತು ಜಗತ್ತಿನಲ್ಲಿ ನಮ್ಮ ಕಚೇರಿಯಲ್ಲಿ ಮಾತ್ರ ಸಿಗುತ್ತದೆ ಎಂದು ನಾನು ಚೇಷ್ಟೆ ಮಾಡುವುದುಂಟು. ಹೊಲದ ಬದುವಿಗಾಗಿ ಹತ್ತು ವರ್ಷ ಬಡಿದಾಡಿದ ಬೆಳ್ಳಟ್ಟಿಯ ರೈತ ಬಂದು ನನ್ನೆದುರು ನಿಂತು ಕೇಳುವುದು ಒಂದೇ ಮಾತು: "ಕೊನೀ ಹಾಳಿ ಏನ ಹೇಳತೈತಿ ಸಾಹೇಬ್ರ?" ಮೂವತ್ತು ಹಾಳೆ ತೀರ್ಪು ಬರೆದ ಮುನ್ಸೀಫರ ಶ್ರಮ ಅವನಿಗೆ ಬೇಡ. ಗೆದ್ದೆನೋ ಸೋತೆನೋ, ಅದು ಬೇಕು. ಹೀಗಾಗಿ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಕೊನೆಯ ಹಾಳೆಯನ್ನು ಮೊದಲು ಟೈಪು ಮಾಡಿ ಇಟ್ಟುಬಿಡುತ್ತಿದ್ದೆ, ಉಳಿದದ್ದು ಆಮೇಲೆ ಸಾವಕಾಶ. ವರ್ಷಗಟ್ಟಲೆ ಹೀಗೆ ಮಾಡಿ ಮಾಡಿ ತೀರ್ಪು ಎಂದರೆ ಕೊನೆಯ ಹಾಳೆ, ಅದಕ್ಕೆ ಮುಂಚಿನದೆಲ್ಲ ಹೊಟ್ಟು ಎಂಬ ಭಾವನೆ ನನ್ನಲ್ಲಿ ಬಲಿತುಬಿಟ್ಟಿತ್ತು. ಕತೆಯ ಪುಸ್ತಕ ಹಿಡಿದರೂ ಕೊನೆಯ ಪುಟವನ್ನೇ ಮೊದಲು ತೆರೆಯುತ್ತೇನೆ. ಹೆಂಡತಿ ಕಿತ್ತುಕೊಳ್ಳುತ್ತಾಳೆ.

ಈ ರೋಗ ನನ್ನೊಬ್ಬನದೇ ಅಲ್ಲವೆಂದು ಸಮಾಧಾನಕ್ಕೆ ಒಂದು ಆಧಾರ ಹುಡುಕಿದ್ದೇನೆ. ನಮ್ಮೂರು ಲಕ್ಷ್ಮೇಶ್ವರ. ಅಲ್ಲಿ ಗುಡಿಗಳ ಅಂಗಳದಲ್ಲಿ ಹಳೆಯ ಶಾಸನದ ಕಲ್ಲುಗಳು ಬೇಕಾದಷ್ಟಿವೆ. ಓದಬಲ್ಲವರೊಬ್ಬರು ಒಮ್ಮೆ ಬಿಡಿಸಿ ಹೇಳಿದರು: ಯಾವ ಅರಸ ಕೊಟ್ಟ, ಯಾರಿಗೆ ಕೊಟ್ಟ, ಎಷ್ಟು ಮತ್ತರು ಭೂಮಿ, ಅದರ ನಾಲ್ಕು ದಿಕ್ಕಿನ ಗಡಿ ಯಾವುದು, ಇದನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ. ಅಷ್ಟೇ. ಅಲ್ರೀ, ಆ ಹೊಲವನ್ನು ಅವನಿಗೇ ಯಾಕೆ ಕೊಟ್ಟರು, ಮೊದಲು ಅದನ್ನು ಉಳುತ್ತಿದ್ದವನು ಏನಾದ ಎಂದು ಕೇಳಿದೆ. ಅದನ್ನು ಯಾರೂ ಕೆತ್ತಿಸುವುದಿಲ್ಲ ಎಂದರು. ಹುಕುಮು ಕೊಡುವವರು ಕಾರಣ ಬರೆಯಬೇಕೆಂಬ ನಿಯಮ ಬಹಳ ಈಚಿನದು. ಕಚೇರಿಗಳಿಗೇ ಅದು ಈಗೀಗ ಬಂದಿದೆ. ಮನೆಗಳಿಗೆ ಇನ್ನೂ ಬಂದಿಲ್ಲ.

ಮನೆ ಎಂದೊಡನೆ ಅಕ್ಕನ ವಿಷಯಕ್ಕೆ ಬರಲೇಬೇಕು. ಇಷ್ಟು ಹೊತ್ತು ಬದನೆಕಾಯಿ, ಶಾಸನ ಎಂದು ಸುತ್ತು ಹೊಡೆದದ್ದು ಅದಕ್ಕೆ ಬರಲು ಧೈರ್ಯ ಸಾಲದೆ.

ಚಂದ್ರಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ನಮ್ಮ ಓಣಿಯಲ್ಲಿ ಗದಗಿಗೆ ಹೋಗಿ ಬಿ.ಎ. ಮಾಡಿದ ಮೊದಲ ಹುಡುಗಿ. ಅಪ್ಪನದು ಕಿರಾಣಿ ಅಂಗಡಿ. ಮಗಳು ಓದಿದ್ದಾಳೆಂಬ ಹೆಮ್ಮೆ ಒಂದು ಕಡೆ, ಓದಿದವಳಿಗೆ ಗಂಡು ಸಿಗುತ್ತದೋ ಇಲ್ಲವೋ ಎಂಬ ದಿಗಿಲು ಇನ್ನೊಂದು ಕಡೆ. ಮುಂಡರಗಿಯ ಒಳ್ಳೆಯ ಮನೆತನವೇ ಸಿಕ್ಕಿತು. ಮದುವೆಯಾಗಿ ಎರಡನೆಯ ವರ್ಷ ಪಂಚಮಿಗೆ ನಾನೇ ಹೋಗಿ ಅಕ್ಕನನ್ನು ಕರೆತಂದೆ. ನಮ್ಮ ಕಡೆ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರಬೇಕು. ಜೋಕಾಲಿ ಆಡಿ, ಉಂಡಿ ತಿಂದು, ಎಂಟು ದಿನ ಇದ್ದ ಮೇಲೆ ಗಂಡನ ಮನೆಯವರು ಬಂದು ಕರೆದೊಯ್ಯಬೇಕು. ಕರೆಯಲು ಬಾರದೆ ಹೆಣ್ಣುಮಗಳು ತಾನಾಗಿ ಹೊರಟು ಹೋಗುವಂತಿಲ್ಲ. ಆ ವರ್ಷ ಯಾರೂ ಬರಲಿಲ್ಲ. ಜೋಕಾಲಿಯ ಹಗ್ಗ ಬಿಚ್ಚಿದರು, ಗಣಪತಿ ಬಂದು ಹೋದ, ದಸರೆಯಾಯಿತು. ಅಪ್ಪ ಎರಡು ಸಲ ಮುಂಡರಗಿಗೆ ಹೋದ. ಅವರು ಕೈಕಾಲಿಗೆ ನೀರು ಕೊಟ್ಟರು, ಹೋಳಿಗೆ ಊಟ ಹಾಕಿದರು, "ನೋಡೂಣಂತ" ಎಂದು ಕಳಿಸಿದರು. ಯಾಕೆ ಎಂಬುದಕ್ಕೆ ಉತ್ತರ ಸಿಗಲಿಲ್ಲ.

ಅಕ್ಕ ಅತ್ತು ಕರೆದು ರಂಪ ಮಾಡಿದವಳಲ್ಲ. ಒಂದು ದಿನ ಅಕ್ಕಿ ಆರಿಸುತ್ತ ನನಗೆ ಹೇಳಿದಳು: "ನೋಡೋ ತಮ್ಮಾ, ನಾ ಕೆಟ್ಟಾಕಿ ಅಂತ ಬಾಯಿ ಬಿಟ್ಟ ಅಂದಿದ್ರೂ ಛಲೋ ಇತ್ತು. ಅಲ್ಲ ಅಂತ ನಾ ಹೇಳತಿದ್ದೆ. ಅಡಗಿ ಬರೂದಿಲ್ಲ ಅಂದಿದ್ರ ಕಲೀತಿದ್ದೆ. ಏನೂ ಅನ್ನದ ಸುಮ್ಮನ ಕುಂತ್ರ ನಾ ಯಾವದಕ್ಕ ಉತ್ತರಾ ಕೊಡ್ಲಿ?" ನಾನು ಎದ್ದು ಹೋಗಿ ಸೈಕಲ್ಲಿಗೆ ಗಾಳಿ ಹೊಡೆದೆ. ಸಂಕಟವಾದಾಗಲೆಲ್ಲ ನಾನು ಸೈಕಲ್ಲಿಗೆ ಗಾಳಿ ಹೊಡೆಯುತ್ತೇನೆ.

ತುರ್ತು ಪರಿಸ್ಥಿತಿ ಮುಗಿದ ಮೇಲಿನ ವರ್ಷಗಳು ಅವು. ಪೇಪರಿನ ತುಂಬ ಸಂವಿಧಾನದ ಮಾತು. ಸರ್ಕಾರ ಒಬ್ಬರ ಪಾಸ್‌ಪೋರ್ಟು ಕಸಿದುಕೊಂಡು ಕಾರಣ ಹೇಳುವುದಿಲ್ಲ ಎಂದದ್ದು, ಅದು ದೆಹಲಿಯ ಕೋರ್ಟಿಗೆ ಹೋದದ್ದು, ಒಬ್ಬರಿಂದ ಏನನ್ನಾದರೂ ಕಸಿಯುವ ಮೊದಲು ಅವರ ಮಾತು ಕೇಳಬೇಕೆಂದು ಅಲ್ಲಿ ಚರ್ಚೆಯಾದದ್ದು, ಇದನ್ನೆಲ್ಲ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಹಳೆಯ ಪೇಪರಿನಲ್ಲಿ ಅಕ್ಕ ಓದಿದಳು. ಆ ಹಾಳೆಯನ್ನು ಪೊಟ್ಟಣಕ್ಕೆ ಕೊಡದೆ ಎತ್ತಿಟ್ಟುಕೊಂಡಳು. ಮರುವಾರ ಅಪ್ಪನ ಮುಂದೆ ನಿಂತು, "ಅಪ್ಪಾ, ನಾ ಲಾ ಓದತೀನಿ. ವಕೀಲಕಿ ಮಾಡತೀನಿ" ಎಂದಳು. ಅಪ್ಪ ತಕ್ಕಡಿಯಲ್ಲಿದ್ದ ಬೇಳೆ ತೂಗಿ ಪೊಟ್ಟಣ ಕಟ್ಟಿದ. ಆಮೇಲೆ, "ಓದಲಿ ಬಿಡು, ಹೊತ್ತಾದ್ರೂ ಹೊಕ್ಕೈತಿ" ಎಂದು ನನಗೆ ಹೇಳಿದ, ಅವಳಿಗಲ್ಲ. ಒಂದು ಕರಾರು ಮಾತ್ರ ಹಾಕಿದ. ಗದಗಿನ ಕಾಲೇಜು ಬೆಳಗಿನದು. ತರಗತಿ ಮುಗಿದ ಕೂಡಲೇ ಸಿಗುವ ಬಸ್ಸಿಗೇ ಮನೆಗೆ ಬಂದುಬಿಡಬೇಕು. ಗಂಡ ಬಿಟ್ಟವಳು ಪೇಟೆಯಲ್ಲಿ ತಿರುಗಾಡುತ್ತಾಳೆ ಎಂದು ಯಾರೂ ಅನ್ನಬಾರದು.

ಅಕ್ಕ ಮೊದಲ ಬಸ್ಸಿಗೆ ಹೋಗಿ ಹೇಳಿದ ಬಸ್ಸಿಗೆ ಬರುತ್ತಿದ್ದಳು. ಚಳಿಗಾಲದಲ್ಲಿ ಮಾಗಡಿ ಕೆರೆಯ ಹತ್ತಿರ ಬಸ್ಸು ಬರುವಾಗ ಹೆಬ್ಬಾತುಗಳು ಗುಂಪುಗುಂಪಾಗಿ ಹೊಲಗಳ ಕಡೆ ಏಳುವುದನ್ನು ನೋಡಿ ಬಂದು ಅವ್ವನಿಗೆ ವರ್ಣಿಸುತ್ತಿದ್ದಳು. "ಅವಕ್ಕೇನ ಕಾಲೇಜೈತೇನ ಅಷ್ಟ ಜಲ್ದಿ ಏಳಾಕ?" ಎಂದು ಅವ್ವ ನಗುತ್ತಿದ್ದಳು. ಆ ಚಳಿಗಾಲ ನಮ್ಮ ಮನೆಯಲ್ಲಿ ನಗು ಇತ್ತು. ಪುಸ್ತಕಗಳು ಇಂಗ್ಲಿಷಿನವು, ಒಂದು ಕೈಯಲ್ಲಿ ಡಿಕ್ಷನರಿ, ಒಂದು ಕೈಯಲ್ಲಿ ರೊಟ್ಟಿ ತಟ್ಟಿದ ಹಿಟ್ಟು. ಒಂದೊಂದು ಶಬ್ದಕ್ಕೂ ನನ್ನನ್ನು ಕೂಗುತ್ತಿದ್ದಳು. ನನಗೆ ಗೊತ್ತಿಲ್ಲದಿದ್ದರೂ ಗೊತ್ತಿದ್ದವನಂತೆ ಏನೋ ಒಂದು ಹೇಳುತ್ತಿದ್ದೆ. ಕೋರ್ಟಿನಲ್ಲಿರುವವನಲ್ಲವೇ ನಾನು!

ಎರಡನೆಯ ವರ್ಷಕ್ಕೆ ಸಂವಿಧಾನ ಬಂತು. ಕೇಸ್‌ಬುಕ್ಕು ಬೇಕು. ಪುಸ್ತಕದಂಗಡಿ ತೆರೆಯುವ ಹೊತ್ತಿಗೆ ಅಕ್ಕನ ಬಸ್ಸು ಗದಗು ಬಿಟ್ಟಿರುತ್ತಿತ್ತು. ನಾನು ಕೋರ್ಟಿನ ಕಡತ ಒಪ್ಪಿಸಲು ಗದಗಿಗೆ ಹೊರಟಿದ್ದೆ. ಹೊರಡುವಾಗ ಬಾಗಿಲಿಗೆ ಬಂದು, "ನೀ ದಿನಾ ತೀರ್ಪಿನಾಗ ಕೈ ಆಡಸಾಂವ. ನೀನ ನೋಡಿ ಛಲೋದು ಆರಿಸಿಕೊಂಡ ಬಾ" ಎಂದಳು. ಬದನೆಕಾಯಿ ಆರಿಸಲು ಬಾರದವನಿಗೆ ಅವಳು ಹೇಳಿದ ಮಾತು ಇದು.

ಗದಗಿನ ಆ ಅಂಗಡಿ ಬಾಷಾ ಚಾಚಾನದು. ಹಳೆಯ ಪುಸ್ತಕ, ಹೊಸ ಪುಸ್ತಕ ಎರಡೂ ಇಡುತ್ತಿದ್ದ. ಸಂವಿಧಾನಕ್ಕೆ ಆಗ ಮೇಲಿಂದ ಮೇಲೆ ತಿದ್ದುಪಡಿ ಆಗುತ್ತಿದ್ದುದರಿಂದ ಪುಸ್ತಕಗಳ ಒಳಗೆ ಚೀಟಿ ಅಂಟಿಸುವುದೇ ಅವನಿಗೊಂದು ಕೆಲಸವಾಗಿತ್ತು. ಅವತ್ತೂ ಅಂಟಿನ ಡಬ್ಬಿ ಮುಂದಿಟ್ಟುಕೊಂಡೇ ಕೂತಿದ್ದ. ನಾನು ಕೇಳಿದ್ದಕ್ಕೆ ಎರಡು ಪುಸ್ತಕ ತೆಗೆದು ಹಲಗೆಯ ಮೇಲಿಟ್ಟ. ಒಂದು ದಪ್ಪ, ಒಂದು ತೆಳ್ಳಗೆ.

"ಯಾರಿಗ್ರಿ ಗುಮಾಸ್ತರ?"

"ನಮ್ಮ ಅಕ್ಕಗ ಚಾಚಾ."

"ಅಕ್ಕಾರು ಪಾಸ ಆಗಬೇಕೋ, ವಕೀಲರ ಆಗಬೇಕೋ?"

ಎರಡೂ ಒಂದೇ ಅಲ್ಲವೇ ಎಂದು ನಾನು ನಕ್ಕೆ. ಚಾಚಾ ನಗಲಿಲ್ಲ. "ಅಲ್ರೀ. ಈ ತೆಳ್ಳಂದು ಬಾಯಿಪಾಠ ಮಾಡಿದ್ರ ಪಾಸ ಆಗಬಹುದು, ನಸೀಬ ಇದ್ರ. ಈ ದಪ್ಪಂದರಾಗ ಜಡ್ಜ ಸಾಹೇಬ್ರು ಯಾಕ ಹಂಗಂದ್ರು ಅಂತ ಪೂರಾ ಐತಿ. ಒಪ್ಪದವ್ರು ಯಾಕ ಒಪ್ಪಲಿಲ್ಲ ಅಂತಾನೂ ಐತಿ. ಇದನ್ನ ಓದಿದಾವ ಎದ್ದನಿಂತ ಮಾತಾಡತಾನು." ಇಷ್ಟು ಹೇಳಿ ಮತ್ತೆ ತನ್ನ ಅಂಟಿನ ಕೆಲಸಕ್ಕೆ ಕೈಹಾಕಿದ.

ನಾನು ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು ತೂಗಿದೆ. ದಪ್ಪನೆಯದನ್ನು ತೆರೆದೆ, ಒಂದೇ ತೀರ್ಪು ಅರವತ್ತು ಪುಟ. ತೆಳ್ಳನೆಯದನ್ನು ತೆರೆದೆ, ಅದೇ ತೀರ್ಪು ಆರು ಸಾಲು. ನಕಲು ಗುಮಾಸ್ತನ ಬೆರಳುಗಳಿಗೆ ಎಂಥ ಸುಖವಾಯಿತೆಂದರೆ ಹೇಳಲಾರೆ. ಎಲ್ಲವೂ ಕೊನೆಯ ಹಾಳೆಗಳೇ! ಹೊಟ್ಟು ತೂರಿ ಕಾಳು ಮಾತ್ರ ಇಟ್ಟಿದ್ದಾನೆ ಪುಣ್ಯಾತ್ಮ ಎಂದುಕೊಂಡೆ. ತೆಳ್ಳನೆಯದನ್ನೇ ಚೀಲಕ್ಕೆ ಹಾಕಿಕೊಂಡೆ. ಚಾಚಾ ಒಂದು ಸಲ ಕನ್ನಡಕದ ಮೇಲಿಂದ ನನ್ನನ್ನು ನೋಡಿದ, ಅಷ್ಟೇ.

ಅಕ್ಕ ಪುಸ್ತಕವನ್ನು ಸೀರೆಯ ಸೆರಗಿನಿಂದ ಒರೆಸಿ ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು ತಿರುವಿದಳು. ಹತ್ತು ಪುಟ ತಿರುವಿದ ಮೇಲೆ ಮುಖ ಸಪ್ಪಗಾಯಿತು. "ಇದರಾಗ ಏನಾತು ಅಂತ ಐತಿ. ಯಾಕ ಆತು ಅಂತ ಎಲ್ಲೈತೋ?" ಎಂದಳು. ಪರೀಕ್ಷೆಗೆ ಅಷ್ಟು ಸಾಕಕ್ಕ ಎಂದೆ. "ಇದಕ್ಕಿಂತ ದೊಡ್ಡದು ಇರಲಿಲ್ಲೇನು?" ಎಂದು ಕೇಳಿದಳು. ಇರಲಿಲ್ಲಕ್ಕ ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಒಂದು ಕ್ಷಣವೂ ಯೋಚಿಸಿದ್ದರೆ ಬರುತ್ತಿರಲಿಲ್ಲವೇನೋ. ಅವಳು ನಂಬಿದಳು. ನನ್ನನ್ನು ನಂಬದಿರಲು ಅವಳಿಗೆ ಕಾರಣವೇ ಇರಲಿಲ್ಲ.

ಆಮೇಲೆ ಅವಳು ಆ ಪುಸ್ತಕದೊಂದಿಗೆ ಗುದ್ದಾಡಿದ ಪರಿ ಹೇಳಬೇಕು. ಪ್ರತಿ ಕೇಸಿನ ಕೆಳಗೆ ಪೆನ್ಸಿಲಿನಲ್ಲಿ ಕನ್ನಡದಲ್ಲಿ "ಯಾಕೆ?" ಎಂದು ಬರೆದಳು. ಕೆಲವಕ್ಕೆ ತಾನೇ ಊಹಿಸಿ ಉತ್ತರವನ್ನೂ ಬರೆದಳು. ಎರಡು ಸಲ ನನ್ನನ್ನು ಕೇಳಿದಳು: "ವಕೀಲರ ಕೋಣ್ಯಾಗ ಪೂರಾ ತೀರ್ಪಿರೋ ದೊಡ್ಡ ದೊಡ್ಡ ರಿಪೋರ್ಟ ಬುಕ್ಕ ಇರತಾವಲ್ಲೋ, ಯಾರನ್ನಾದ್ರೂ ಕೇಳಿ ಒಂದ್ ದಿವಸಕ್ಕ ತಂದ ಕೊಡು. ಓದಿ ತಿರಗಿ ಕೊಡತೀನಿ." ಅವನ್ನು ಹೊರಗೆ ಒಯ್ಯಲು ಬಿಡುವುದಿಲ್ಲಕ್ಕ ಎಂದೆ. ಕೇಳಿದ್ದರೆ ಯಾರಾದರೂ ಕೊಡುತ್ತಿದ್ದರು. ನಾನು ಯಾರನ್ನೂ ಕೇಳಲಿಲ್ಲ.

ಪರೀಕ್ಷೆಯಲ್ಲಿ ಬಂದದ್ದೇ ಅದು. ಇಂಥ ತೀರ್ಪನ್ನು ಒಪ್ಪದ ನ್ಯಾಯಾಧೀಶರ ವಾದವೇನು, ನಿಮ್ಮ ಅಭಿಪ್ರಾಯವೇನು ಎಂದು. ಅಕ್ಕ ಹಿಂತಿರುಗಿ ಬಂದು ಪ್ರಶ್ನೆಪತ್ರಿಕೆಯನ್ನು ಮಡಚಿ ಮಾಡದಲ್ಲಿಟ್ಟು, "ನನ್ನ ಅಭಿಪ್ರಾಯ ಏನೋ ಬರದೆ. ಅವರದು ಗೊತ್ತಿದ್ರಲ್ಲ ಬರಿಯೂದು?" ಎಂದು ನಕ್ಕಳು. ಫಲಿತಾಂಶ ಬಂದಾಗ ಉಳಿದೆಲ್ಲ ವಿಷಯ ಪಾಸಾಗಿತ್ತು. ಸಂವಿಧಾನವೊಂದು ಹೋಗಿತ್ತು. ಮತ್ತೆ ಕೂತು ಬರೆದರೆ ಆಗುವಂಥದ್ದೇ. ಎಷ್ಟು ಮಂದಿ ಬರೆಯುವುದಿಲ್ಲ! ಅಕ್ಕನೂ ಮರುದಿನವೇ ಪುಸ್ತಕ ತೆಗೆದು ಕೂತಿದ್ದಳು.

ಆದರೆ ಆ ವಾರವೇ ಮುಂಡರಗಿಯಿಂದ ಗಂಡನ ದೊಡ್ಡಪ್ಪ ಬಂದರು. ಬಿಳಿ ರುಮಾಲಿನ ಬಹಳ ಸಭ್ಯ ಹಿರಿಯರು. ಪಡಸಾಲೆಯಲ್ಲಿ ಜಮಖಾನ ಹಾಸಿದೆವು. ಅಪ್ಪ, ನಮ್ಮ ಕಾಕಾ, ಆ ಹಿರಿಯರು, ನಾನು ಕೂತೆವು. ಅಡಿಕೆ ಎಲೆ ಆಯಿತು. ಹಿರಿಯರು, "ಆಗಿದ್ದ ಆಗಿಹೋತು. ಮಗಳನ್ನ ಕಳಸ್ರಿ, ಕರಕೊಂಡ ಹೊಕ್ಕೀನಿ" ಎಂದರು. ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಮನೆಯಲ್ಲಿ ಮಾಡುವ ಕೈ ಬೇಕಾಗಿದೆ ಎಂಬುದು ನಮಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ತಲೆಯ ಮೇಲೆ ಸೆರಗು ಇತ್ತು, ದನಿ ನಡುಗಲಿಲ್ಲ. "ದೊಡ್ಡಪ್ಪಾರ, ಮೂರ ವರ್ಷ ಯಾಕ ಬಿಟ್ಟಿದ್ರಿ, ಈಗ ಯಾಕ ಕರೀತೀರಿ? ಎರಡೂ ಹೇಳ್ರಿ. ಆಮ್ಯಾಲೆ ಬರೂದೋ ಬಿಡೂದೋ ನಾ ಹೇಳತೀನಿ."

 ಕಾಕಾ ಕೆಮ್ಮಿದ. ಹಿರಿಯರು ಅವಳ ಕಡೆ ನೋಡದೆ ಅಪ್ಪನಿಗೆ, "ಓದು ಮುಗೀತಂತಲ್ಲ? ನಪಾಸ ಆತಂತ ಕೇಳಿದೆ" ಎಂದರು. ಅಪ್ಪ ತಲೆ ತಗ್ಗಿಸಿದ. ಆಮೇಲೆ ನನ್ನ ಕಡೆ ತಿರುಗಿ, "ನೀ ಕೋರ್ಟಿನಾಗ ಇರಾಂವ, ಇದರಾಗಿಂದು ತಿಳದಾಂವ. ಇನ್ನೊಮ್ಮೆ ಬರದ್ರ ಆಕಿ ಪಾಸ ಆಗತಾಳೇನು? ನೀ ಹ್ಞೂ ಅಂದ್ರ ನಾ ಇವರಿಗೆ ಆಗೂದಿಲ್ಲ ಅಂತ ಹೇಳಿ ಕಳಸತೀನಿ" ಎಂದ.

ಅಪ್ಪ ಅಷ್ಟು ಗಟ್ಟಿ ಮಾತಾಡುತ್ತಾನೆಂದು ನಾನು ಎಣಿಸಿರಲಿಲ್ಲ. ಹ್ಞೂ ಎಂಬುದು ಒಂದೇ ಅಕ್ಷರ. ಪುಸ್ತಕ ತಪ್ಪಿ ತಂದವನು ನಾನು, ಅಕ್ಕನಲ್ಲಿ ಕೊರತೆ ಇಲ್ಲ, ದಪ್ಪನೆಯದನ್ನು ಕೊಡಿಸಿದರೆ ಪಾಸಾಗುತ್ತಾಳೆ ಎಂದು ಹೇಳಬೇಕಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ನನ್ನ ಸುಳ್ಳು ಹೊರಬೀಳುತ್ತಿತ್ತು. ನಾನು ಜಮಖಾನದ ಗೆರೆ ನೋಡುತ್ತ, "ಅದೇನ ಹೇಳಾಕ ಬರೂದಿಲ್ಲಪಾ. ಹಿರ್‍ಯಾರು ಅಂದಂಗ ಆಗಲಿ" ಎಂದೆ.

ಅಕ್ಕ ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ. ಏನೋ ಲೆಕ್ಕ ತಪ್ಪಿತಲ್ಲ ಎಂದು ಯೋಚಿಸುವವರ ಹಾಗೆ ನೋಡಿ ಒಳಗೆ ಹೋದಳು. ಮಧ್ಯಾಹ್ನದ ಬಸ್ಸಿಗೆ ಅವಳ ಟ್ರಂಕನ್ನು ನಾನೇ ಹೊತ್ತು ಮೇಲೆ ಹಾಕಿದೆ.

ಮುಂಡರಗಿಯಲ್ಲಿ ಅವಳಿಗೆ ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಗಂಡ ಕೆಟ್ಟವನಲ್ಲ, ಬರಿ ಮಾತಿಲ್ಲದವನು. ಅತ್ತೆಯ ಸೇವೆ ಮಾಡಿದಳು, ಅತ್ತೆ ಸತ್ತಳು. ದನಕರು, ಅಡುಗೆ, ಹಪ್ಪಳ. ಓಣಿಯ ಹೆಂಗಸರು ರೇಷನ್ ಕಾರ್ಡಿಗೋ ಪಿಂಚಣಿಗೋ ಅರ್ಜಿ ಬರೆಸಿಕೊಳ್ಳಲು ಅವಳ ಹತ್ತಿರ ಬರುತ್ತಿದ್ದರಂತೆ. ಪ್ರತಿ ವರ್ಷ ಪಂಚಮಿಗೆ ನಾನೇ ಹೋಗಿ ಕರೆತರುತ್ತಿದ್ದೆ, ಎಂಟನೆಯ ದಿನ ತಪ್ಪದೆ ಅವರು ಬಂದು ಕರೆದೊಯ್ಯುತ್ತಿದ್ದರು. ಒಂದು ಪಂಚಮಿಯಲ್ಲಿ ಉಂಡಿ ಕಟ್ಟುತ್ತ ಕೂತವಳು ತಲೆ ಎತ್ತದೆ ಕೇಳಿದಳು: "ಅವತ್ತ ಯಾಕ ಹಂಗಂದಿ?"  "ಆಗಿಹೋತು ಬಿಡಕ್ಕ, ಈಗ್ಯಾಕ ಅದು" ಎಂದೆ. ಅವಳು ಉಂಡಿಯೊಂದನ್ನು ನನ್ನ ಕೈಗಿಟ್ಟಳು. ಮುಂಡರಗಿಯ ಮಂದಿ ಕೊಟ್ಟ ಉತ್ತರವನ್ನೇ ನಾನೂ ಕೊಟ್ಟಿದ್ದೆ. ಹೊರಗೆ ಹೋಗಿ ಸೈಕಲ್ಲಿಗೆ ಎಷ್ಟು ಗಾಳಿ ಹೊಡೆದೆನೆಂದರೆ ಟ್ಯೂಬು ಒಡೆಯಿತು.

ಓದುಗರೇ, ನಿಮಗೂ ನಾನು ಪೂರಾ ಹೇಳಿಲ್ಲ. ಕೊನೆಯ ಹಾಳೆಯ ಚಾಳಿಯಿಂದ ತೆಳ್ಳನೆಯ ಪುಸ್ತಕ ಆರಿಸಿದೆ ಎಂದೆನಲ್ಲ, ಅದು ಸುಳ್ಳಲ್ಲ. ಆದರೆ ಅಷ್ಟೇ ಆಗಿದ್ದರೆ ಅಕ್ಕನಿಗೆ ಸುಳ್ಳು ಹೇಳುವ ಜರೂರಿ ಏನಿತ್ತು? ಗದಗಿಗೆ ಹೋಗುವ ಹಿಂದಿನ ದಿನ ಕೋರ್ಟಿನಲ್ಲಿ ಚಹಾ ಕುಡಿಯುವಾಗ ಜತೆಯ ಗುಮಾಸ್ತನೊಬ್ಬ ಚೇಷ್ಟೆ ಮಾಡಿದ್ದ: "ಏನಪಾ, ನಾಳೆ ನಿಮ್ಮಕ್ಕ ಕರೀ ಕೋಟ ಹಾಕ್ಕೊಂಡ ಬಂದ್ರ ಎದ್ದನಿಂತ, ಬರ್ರಿ ವಕೀಲ ಬಾಯಾರ, ಅಂತೀಯಿಲ್ಲೋ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಮುಳ್ಳಿನಂತೆ ಒಳಗೆ ಉಳಿಯಿತು. ಹಿರಿಯ ವಕೀಲರು ಬಂದಾಗ ಕುರ್ಚಿ ಬಿಟ್ಟು ಏಳುವುದು ನಮ್ಮಲ್ಲಿ ಪದ್ಧತಿ. ನನ್ನ ಕಣ್ಣೆದುರಿಗೆ ರೊಟ್ಟಿ ಬಡಿಯುವವಳು, ಶಬ್ದದ ಅರ್ಥಕ್ಕೆ ನನ್ನನ್ನು ಕೂಗುವವಳು, ಅವಳು ಒಳಗೆ ಬಂದರೆ ಅಷ್ಟು ಮಂದಿಯ ಮುಂದೆ ನಾನು ಏಳಬೇಕೇ? ಬಾಷಾ ಚಾಚಾ, ಇದನ್ನು ಓದಿದವನು ಎದ್ದು ನಿಂತು ಮಾ‌ತಾಡುತ್ತಾನೆ ಎಂದಾಗ ನನ್ನ ಕಣ್ಣ ಮುಂದೆ ಬಂದದ್ದು ಕರಿ ಕೋಟಿನ ಅಕ್ಕ. ಅದಕ್ಕೇ ಕೈ ತೆಳ್ಳನೆಯದರ ಕಡೆ ಹೋಯಿತು. ಹೊಟ್ಟೆಕಿಚ್ಚು ಎನ್ನುವ ಶಬ್ದ ನನಗೆ ಹೊಳೆಯಲು ಎಷ್ಟೋ ವರ್ಷ ಬೇಕಾಯಿತು.

ಹೋದ ಚೈತ್ರದಲ್ಲಿ ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗದಗಿನ ಆಸ್ಪತ್ರೆಗೆ ತಂದರು. ತೋರಿಸುವುದು ತಡವಾಗಿತ್ತು. ಬಹಳ ದಿನದ ಮಾತಿಲ್ಲ ಎಂದು ಡಾಕ್ಟರು ನನಗೂ ಭಾವನಿಗೂ ಹೇಳಿದ್ದರು. ಅವಳಿಗೆ ಯಾರೂ ಹೇಳದೆಯೂ ಗೊತ್ತಿತ್ತು. ಒಂದು ಮಧ್ಯಾಹ್ನ ಭಾವ ಔಷಧಿ ತರಲು ಹೋಗಿದ್ದ. ಮಂಚದ ಪಕ್ಕದ ಸ್ಟೂಲಿನ ಮೇಲೆ ನಾನು ಕೂತಿದ್ದೆ. ಅಕ್ಕನ ಕೈ ಕಡ್ಡಿಯ ಹಾಗಾಗಿತ್ತು. ಇನ್ನು ತಡೆಯಲಾರೆ ಎನಿಸಿತು. ಎಲ್ಲ ಹೇಳಿದೆ. ದಪ್ಪ ಪುಸ್ತಕ ಅಂಗಡಿಯಲ್ಲಿ ಇತ್ತು ಎಂದೆ. ವಕೀಲರನ್ನು ಕೇಳಲೇ ಇಲ್ಲ ಎಂದೆ. ಗುಮಾಸ್ತನ ಚೇಷ್ಟೆ ಹೇಳಿದೆ. ಕೋರ್ಟಿನಲ್ಲಿ ನಿನ್ನ ಮುಂದೆ ಏಳಬೇಕಾದೀತೆಂದು ಹೆದರಿ ನಿನ್ನ ಬಾಳು ಹಾಳು ಮಾಡಿದೆನಕ್ಕ ಎಂದೆ. ಆ ವಯಸ್ಸಿನಲ್ಲಿ ಗಂಡಸು ಅಳುವುದು ಚೆಂದವಲ್ಲ. ಅತ್ತುಬಿಟ್ಟೆ.

 ಬೈಯಲಿ ಎಂದು ನಾನು ಕಾದೆ. ಅವಳ ಮುಖದಲ್ಲಿ ಮೆಲ್ಲಗೆ ನಗು ಬಂತು.

"ಹುಚ್ಚಪ್ಪಾ," ಎಂದಳು, "ತೀರ್ಪಿನ ನಕಲ ಕೊಡಾಂವ ನೀನ ಅಲ್ಲೇನು? ಎಂಥಾ ವಕೀಲ ಆದ್ರೂ ಅರ್ಜಿ ಹಿಡಕೊಂಡ ನಿನ್ನ ಮೇಜಿನ ಮುಂದನ ಬಂದ ನಿಂದರತಾನ. ನಾ ಆಗಿದ್ರ ನಾನೂ ಅಲ್ಲೇ ನಿಂದರತಿದ್ದೆ. ನೀ ಯಾಕ ಏಳತಿದ್ದ್ಯೋ, ಕುಂತ ಇರತಿದ್ದಿ."

ಹದಿನೆಂಟು ವರ್ಷದಿಂದ ಆ ಮೇಜಿನ ಹಿಂದೆ ಕೂತವನು ನಾನು. ಬಹಳ ಹಿರಿಯರೊಬ್ಬರು ಬಂದಾಗಷ್ಟೇ ನಾನು ಏಳುವುದು. ಉಳಿದ ಕರಿ ಕೋಟಿನವರು ದಿನ ಬೆಳಗಾದರೆ ಬಂದು, ಅಣ್ಣಾ ನಮ್ಮದೊಂದು ಜಲ್ದಿ ಮಾಡಪ್ಪಾ ಎಂದು ನಿಂತೇ ಇರುತ್ತಾರೆ. ನನಗಿದು ಒಂದು ದಿನವೂ ಹೊಳೆದಿರಲಿಲ್ಲ. ಆ ಕೋರ್ಟಿನ ಮೆಟ್ಟಿಲನ್ನೇ ತುಳಿಯದ ಅಕ್ಕನಿಗೆ ಗೊತ್ತಿತ್ತು. ಯಾವಾಗಿನಿಂದ ಗೊತ್ತಿತ್ತು, ಎಷ್ಟು ಸಲ ಮನಸ್ಸಿನಲ್ಲೇ ಅಲ್ಲಿ ಬಂದು ನಿಂತಿದ್ದಳು ಎಂದು ನಾನು ಕೇಳಲಿಲ್ಲ. ಹದಿನೈದು ದಿನಕ್ಕೆ ತೀರಿಕೊಂಡಳು.

ಈಗಲೂ ಹನ್ನೊಂದರ ಹೊತ್ತಿಗೆ ಮೇಜಿನ ಮುಂದೆ ನಾಲ್ಕೈದು ಮಂದಿ ವಕೀಲರು ನಿಂತಿರುತ್ತಾರೆ. ತಲೆ ಎತ್ತದೆ ಅರ್ಜಿ ಇಸಿದುಕೊಳ್ಳುತ್ತೇನೆ. ಅವಳು ಅವರಲ್ಲೊಬ್ಬಳಾಗಿದ್ದರೆ ನನ್ನದೇನೂ ಹೋಗುತ್ತಿರಲಿಲ್ಲ. ಅಕ್ಕನನ್ನು ದಿನಾ ನೋಡುತ್ತಿದ್ದೆ, ಅಷ್ಟೇ.